ಹೆರಿಗೆ ಕೋಣೆಯ ಹೊರಗೆ ಕಾದ ಅಪ್ಪಂದಿರು

ಷಿಕಾಗೋದ ವೆಸ್ಲಿ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಹೆಂಡತಿಯನ್ನು ಹೆರಿಗೆಗೆ ಕರೆತಂದ ಗಂಡಸರು ಕೂರುವುದಕ್ಕೆ ಒಂದು ಕೋಣೆ ಇತ್ತು. ಅಮೆರಿಕದ ಎಷ್ಟೋ ಆಸ್ಪತ್ರೆಗಳಲ್ಲಿ ಇಂಥ ಕೋಣೆಗಳನ್ನು, ಮಗುವನ್ನು ಹೊತ್ತು ತರುತ್ತದೆಂಬ ಕಥೆಯ ಕೊಕ್ಕರೆಯ ಹೆಸರಲ್ಲಿ, 'ಸ್ಟಾರ್ಕ್ ಕ್ಲಬ್' ಎಂದು ಕರೆಯುತ್ತಿದ್ದರು. ವೆಸ್ಲಿಯ ಕೋಣೆಯಲ್ಲಿ ನೋಟ್‌ಬುಕ್ ಇಟ್ಟಿರುತ್ತಿದ್ದರು. ಕಾದು ಸುಸ್ತಾದವರು ಅದರಲ್ಲಿ ಬರೆಯುತ್ತಿದ್ದರು: ಬಂದು ಎಷ್ಟು ಹೊತ್ತಾಯಿತು, ಒಳಗಿನಿಂದ ಯಾಕೆ ಸುದ್ದಿಯೇ ಇಲ್ಲ, ಹುಟ್ಟಿದ್ದು ಗಂಡೋ ಹೆಣ್ಣೋ, ಮುಂದೆ ಇದೇ ಕುರ್ಚಿಯಲ್ಲಿ ಕೂರುವವರಿಗೆ ನಾಲ್ಕು ಮಾತಿನ ಧೈರ್ಯ. ಮುಖ ನೋಡಿರದ ಗಂಡಸರು ಒಬ್ಬರಿಗೊಬ್ಬರು ಬರೆದುಕೊಂಡ ಈ ಪುಟಗಳನ್ನು ಇತಿಹಾಸಕಾರ್ತಿ ಜುಡಿತ್ ವಾಲ್ಜರ್ ಲೆವಿಟ್ ಓದಿ, 2009ರಲ್ಲಿ 'ಮೇಕ್ ರೂಮ್ ಫಾರ್ ಡ್ಯಾಡಿ' ಎಂಬ ಪುಸ್ತಕ ತಂದರು. ಆಸ್ಪತ್ರೆಯ ದಾಖಲೆಗಳಲ್ಲಿ ಅಪ್ಪ ಎಂದರೆ ಒಂದು ಹೆಸರು, ಒಂದು ಸಹಿ, ಅಷ್ಟೆ. ಅವನ ಕಳವಳ ಉಳಿದುಕೊಂಡಿದ್ದು ಈ ನೋಟ್‌ಬುಕ್ಕುಗಳಲ್ಲಿ.

ಅಪ್ಪ ಹೊರಗೆ ಕಾಯುವುದು ಅಲ್ಲಿ ಅನಾದಿಕಾಲದ ಪದ್ಧತಿಯೇನೂ ಆಗಿರಲಿಲ್ಲ. 1900ರ ಸುಮಾರಿಗೆ ಅಮೆರಿಕದಲ್ಲಿ ನೂರಕ್ಕೆ ಐದು ಹೆರಿಗೆಗಳೂ ಆಸ್ಪತ್ರೆಯಲ್ಲಿ ಆಗುತ್ತಿರಲಿಲ್ಲ. ಮನೆಯಲ್ಲಿ ಸೂಲಗಿತ್ತಿಯೋ ಡಾಕ್ಟರೋ ನೋಡಿಕೊಳ್ಳುತ್ತಿದ್ದರು. ನೆರೆಯ ಹೆಂಗಸರು ಸುತ್ತ ಇರುತ್ತಿದ್ದರು. ಗಂಡ ನೀರು ಕಾಯಿಸಿ ಕೊಡುತ್ತಿದ್ದ, ಬೇರೆ ಯಾರೂ ಇಲ್ಲದ ಹೊತ್ತಲ್ಲಿ ಹೆಂಡತಿಯ ಬೆನ್ನಿಗೂ ಆಸರೆಯಾಗುತ್ತಿದ್ದ. ಕೇವಲ ನಾಲ್ಕು ದಶಕಗಳಲ್ಲಿ ಅರ್ಧದಷ್ಟು ಹೆರಿಗೆಗಳು ಆಸ್ಪತ್ರೆಗೆ ಸೇರಿದವು. 1960ರ ಹೊತ್ತಿಗೆ ಮನೆಯ ಹೆರಿಗೆ ಅಪರೂಪವಾಗಿತ್ತು.

ಆಸ್ಪತ್ರೆಯಲ್ಲಿ ಗಂಡನಿಗೆ ಬಾಗಿಲು ಮುಚ್ಚಲು ಕೊಟ್ಟ ಕಾರಣ ಸೋಂಕು. ಬಾಣಂತಿ ಜ್ವರ ಎಷ್ಟೋ ತಾಯಂದಿರನ್ನು ಬಲಿ ತೆಗೆದುಕೊಂಡಿದ್ದ ಕಾಲ, ಆ ಭಯಕ್ಕೆ ಆಧಾರವಿತ್ತು. ಆದರೆ ಇನ್ನೊಂದು ಕಾರಣವನ್ನು ಅಷ್ಟು ಬಿಚ್ಚಿ ಹೇಳುತ್ತಿರಲಿಲ್ಲ. 1914ರಿಂದ ಅಮೆರಿಕದಲ್ಲಿ 'ಟ್ವಿಲೈಟ್ ಸ್ಲೀಪ್' ಜನಪ್ರಿಯವಾಯಿತು. ಮಾರ್ಫೀನ್ ಜೊತೆ ಸ್ಕೋಪೊಲಮೀನ್ ಕೊಟ್ಟರೆ ನೋವು ಪೂರ್ತಿ ಹೋಗುತ್ತಿರಲಿಲ್ಲ, ಅದರ ನೆನಪು ಮಾತ್ರ ಅಳಿಸಿಹೋಗುತ್ತಿತ್ತು. ಮದ್ದಿನ ಅಮಲಿನಲ್ಲಿ ಹೆಂಗಸರು ಕಿರುಚಾಡುತ್ತಿದ್ದರು, ಮಂಚದಿಂದ ಏಳಲು ಹೋಗುತ್ತಿದ್ದರು. ಹಾಗಾಗಿ ಕೈಕಾಲಿಗೆ ಪಟ್ಟಿ ಬಿಗಿಯುತ್ತಿದ್ದರು. ಗಂಡ ನೋಡಬಾರದ ದೃಶ್ಯ ಅದು. ತನಗೇ ಅರಿವಿಲ್ಲದೆ ಮಲಗಿದ ತಾಯಿಗೆ ಜೊತೆಗೊಬ್ಬರು ಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹೀಗೆ ಹೊರಗುಳಿದ ಅಪ್ಪ ನಗೆಚಿತ್ರದ ವಸ್ತುವಾದ. ಸಿಗರೇಟ್ ಮೇಲೆ ಸಿಗರೇಟ್ ಸೇದುತ್ತ, ಅತ್ತಿಂದಿತ್ತ ಓಡಾಡುತ್ತ, ಕೊನೆಗೆ ಮೂರ್ಛೆ ಹೋಗುವ ಪೆದ್ದ. 1953ರ ಜನವರಿ 19ರಂದು ಪ್ರಸಾರವಾದ 'ಐ ಲವ್ ಲೂಸಿ' ಟಿವಿ ಧಾರಾವಾಹಿಯ ಕಂತಿನಲ್ಲಿ ಲೂಸಿಗೆ ಮಗು ಹುಟ್ಟಿದ್ದನ್ನು ಸುಮಾರು 4.4 ಕೋಟಿ ಜನ ನೋಡಿದರು. ಅದರಲ್ಲಿನ ಗಂಡನೂ ಮಗುವನ್ನು ಕಂಡು ಕುಸಿದುಬೀಳುತ್ತಾನೆ. ಜನ ನಕ್ಕರು. ವೆಸ್ಲಿಯ ನೋಟ್‌ಬುಕ್ಕುಗಳಲ್ಲಿ ಕಾಣುವ ಗಂಡಸು ಅಷ್ಟು ಪೆದ್ದನಲ್ಲ. ಹೆಂಡತಿ ಬದುಕಿ ಬರುತ್ತಾಳೋ ಎಂಬ ಹೆದರಿಕೆಯನ್ನು ಹೇಳಿಕೊಳ್ಳಲು ಜಾಗ ಸಿಗದೆ ಕಾಗದಕ್ಕೆ ಹೇಳಿಕೊಂಡವನು.

ಬಾಗಿಲು ತೆರೆಯುವಂತೆ ಮಾಡಿದವರು ಮೊದಲಿಗೆ ಹೆಂಗಸರೇ. ಬ್ರಿಟನ್ನಿನ ಗ್ರ್ಯಾಂಟ್ಲಿ ಡಿಕ್-ರೀಡ್, ಫ್ರಾನ್ಸಿನ ಫೆರ್ನಾಂಡ್ ಲಮಾಝ್ ಹೇಳಿಕೊಟ್ಟ ಸಹಜ ಹೆರಿಗೆಯ ವಿಧಾನಗಳು ಅಮೆರಿಕಕ್ಕೆ ಬಂದವು. ಪ್ಯಾರಿಸ್ಸಿನಲ್ಲಿ ಲಮಾಝ್ ವಿಧಾನದಲ್ಲಿ ಹೆತ್ತ ಮಾರ್ಜೊರಿ ಕಾರ್ಮೆಲ್ 1959ರಲ್ಲಿ ಆ ಅನುಭವವನ್ನು ಪುಸ್ತಕವಾಗಿಸಿದರು. ಮಾರನೆಯ ವರ್ಷ ಅವರೂ ಎಲಿಸಬೆತ್ ಬಿಂಗ್ ಅವರೂ ಸೇರಿ ಲಮಾಝ್ ತರಬೇತಿಗೆ ಸಂಸ್ಥೆ ಕಟ್ಟಿದರು. ಎಚ್ಚರವಾಗಿದ್ದುಕೊಂಡೇ ಹೆರುವವಳಿಗೆ ಉಸಿರಾಟದ ಲಯ ಹಿಡಿಯಲು, ಸೊಂಟ ನೀವಲು, ಕೈ ಹಿಡಿಯಲು ಒಬ್ಬರು ಬೇಕು. ತರಗತಿಗೆ ಜೊತೆಯಲ್ಲೇ ಬಂದು ಕಲಿತ ಗಂಡನಿಗಿಂತ ಹತ್ತಿರದವರು ಯಾರು? ಡೆನ್ವರಿನ ವೈದ್ಯ ರಾಬರ್ಟ್ ಬ್ರಾಡ್ಲಿ ಅಷ್ಟರಲ್ಲೇ ಗಂಡಂದಿರನ್ನು ಒಳಗೆ ಬಿಟ್ಟುಕೊಂಡಿದ್ದರು. 1965ರಲ್ಲಿ ಅದರ ಬಗ್ಗೆಯೇ ಒಂದು ಪುಸ್ತಕ ಬರೆದರು.

ಅದೇ ವರ್ಷ ಕ್ಯಾಲಿಫೋರ್ನಿಯಾದ ಆರ್ಕೇಟಾ ಊರಿನಲ್ಲಿ ಒಬ್ಬ ಗಂಡ ಹೆಂಡತಿಯ ಕೈಗೂ ತನ್ನ ಕೈಗೂ ಸೇರಿಸಿ ಬೇಡಿ ಹಾಕಿಕೊಂಡು ಹೆರಿಗೆಗೆ ನಿಂತ. ಆಸ್ಪತ್ರೆಯವರು ಪೊಲೀಸರನ್ನು ಕರೆಸಿದರು. ಮಗು ಹುಟ್ಟಿದಾಗ ಅವನು ಪಕ್ಕದಲ್ಲೇ ಇದ್ದ.

ಗಂಡಂದಿರು ಒಳಗೆ ಹೋಗಿದ್ದೂ ಹಂತ ಹಂತವಾಗಿ. ಮೊದಲು ನೋವು ತಿನ್ನುವ ಕೋಣೆಯವರೆಗೆ ಬಿಟ್ಟರು. ಮಗು ಹೊರಬರುವ ಹೊತ್ತಿಗೆ ಮಂಚವನ್ನು ತಳ್ಳಿಕೊಂಡು ಬೇರೊಂದು ಕೋಣೆಗೆ ಹೋಗುವಾಗ ಗಂಡನನ್ನು ಹೊರಗೇ ನಿಲ್ಲಿಸುತ್ತಿದ್ದರು. ಗಂಟೆಗಟ್ಟಲೆ ಜೊತೆಗಿದ್ದವನನ್ನು ಅತಿ ಕಠಿಣವಾದ ಗಳಿಗೆಯಲ್ಲಿ ಬೇರ್ಪಡಿಸುವ ಈ ಕ್ರಮ ಎಂಥ ಕ್ರೌರ್ಯ! ಇಂಡಿಯಾನಾದ ಪೋರ್ಟರ್ ಮೆಮೋರಿಯಲ್ ಆಸ್ಪತ್ರೆಯ ನಿಷೇಧದ ವಿರುದ್ಧ ದಂಪತಿಗಳು ಫೆಡರಲ್ ಕೋರ್ಟಿಗೆ ಹೋದರು. 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ ಸಂವಿಧಾನದತ್ತ ಹಕ್ಕಿಲ್ಲ ಎಂದಿತು. ತೀರ್ಪು ಬರೆದ ಜಾನ್ ಪಾಲ್ ಸ್ಟೀವನ್ಸ್ ಅದೇ ವರ್ಷದ ಕೊನೆಗೆ ಸುಪ್ರೀಂ ಕೋರ್ಟ್ ಸೇರಿದರು. ಕೋರ್ಟಿನಲ್ಲಿ ಸೋತರೂ ಅಷ್ಟರಲ್ಲಿ ಗಾಳಿ ತಿರುಗಿತ್ತು. ಮುಂದಿನ ವರ್ಷಗಳಲ್ಲಿ ಒಂದೊಂದೇ ಆಸ್ಪತ್ರೆ ನಿಯಮ ಸಡಿಲಿಸಿತು.

ಕರ್ನಾಟಕದ ಕಥೆ ಬೇರೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ವಾಡಿಕೆಯಿಂದ ಗಂಡ ಎಷ್ಟೋ ಸಲ ಆ ಊರಲ್ಲೇ ಇರುತ್ತಿರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನಂಥವರು ಸಾವಿರಾರು ಹೆರಿಗೆ ಮಾಡಿಸಿದ ಮನೆಗಳಲ್ಲಿ ಒಳಕೋಣೆ ಹೆಂಗಸರದ್ದು. ಈಗ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಗಂಡ ವಾರ್ಡಿನ ಹೊರಗೆ ತಾಯಿ ಕಾರ್ಡ್ ಹಿಡಿದು ನಿಂತಿರುತ್ತಾನೆ. ಬಾಗಿಲು ಅರ್ಧ ತೆರೆದು ನರ್ಸ್ "ಸರೋಜಾ ಕಡೆಯೋರು ಯಾರ್ರೀ?" ಎಂದರೆ ಓಡಬೇಕು. ಚೀಟಿ ಕೊಟ್ಟರೆ ಮೆಡಿಕಲ್ ಸ್ಟೋರಿಗೆ, ರಕ್ತ ಬೇಕೆಂದರೆ ಬ್ಲಡ್ ಬ್ಯಾಂಕಿಗೆ, ಸಿಸೇರಿಯನ್ ಅಂದರೆ ಸಹಿಗೆ. ಅವಳು ಹೇಗಿದ್ದಾಳೆ ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

2016ರಲ್ಲಿ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯೊಬ್ಬಳನ್ನು ಬಿಡಬೇಕೆಂದು ಸೂಚಿಸಿತು. ಆಕೆ ತಾನೂ ಹೆತ್ತು ಅನುಭವವಿರುವ ಬಂಧುವಾಗಿರಬೇಕು. ಗಂಡನನ್ನು ಬಿಡಬಹುದು, ಆದರೆ ಖಾಸಗಿತನದ ವ್ಯವಸ್ಥೆ ಇರುವ ಕಡೆ ಮಾತ್ರ. ಈ ಷರತ್ತು ಬರಿಯ ನೆಪವಲ್ಲ. ಒಂದೇ ಹಾಲಿನಲ್ಲಿ ಸಾಲಾಗಿ ಟೇಬಲ್‌ಗಳಿದ್ದು, ನಡುವೆ ಒಂದು ಪರದೆಯೂ ನೆಟ್ಟಗಿಲ್ಲದಿದ್ದರೆ, ಒಬ್ಬಳ ಗಂಡ ಒಳಗೆ ಬಂದಾಗ ಉಳಿದವರ ಮಾನಕ್ಕೆ ಯಾರು ಹೊಣೆ? ಹಾಗಾಗಿ ಇಲ್ಲಿ ಅಪ್ಪಂದಿರು ಒಳಗೆ ಹೋಗುವ ಮಾತು ಕೊನೆಗೆ ಕಟ್ಟಡದ ಮಾತಾಗುತ್ತದೆ: ಟೇಬಲ್‌ಗಳ ನಡುವೆ ಗೋಡೆ, ಪ್ರತಿ ತಾಯಿಗೂ ಒಂದು ಬಾಗಿಲು, ಇವೆರಡಕ್ಕೂ ಬಜೆಟ್ಟಿನಲ್ಲಿ ಹಣ.