ಕೂಲಿಯ ಕರತಾಡನ

ಪ್ಯಾರಿಸ್ ನಗರದ ಲ ಪೆಲತಿಯೆ ಬೀದಿಯಲ್ಲಿದ್ದ ಹಳೆಯ ಒಪೆರಾ ಮಂದಿರಕ್ಕೆ ಲೂಯಿ ವೆರೋನ್ ಎಂಬಾತನು 1831ರಿಂದ 1835ರವರೆಗೆ ನಿರ್ದೇಶಕನಾಗಿದ್ದ ಕಾಲದಲ್ಲಿ, ಹೊಸ ಕೃತಿಗಳ ತಾಲೀಮುಗಳಿಗೆ ಬಂದು ಕುಳಿತು, ಸಂಗೀತದ ತಿರುವುಗಳನ್ನು ಮನಸ್ಸಿಗೆ ತಂದುಕೊಂಡು, ಪ್ರಥಮ ಪ್ರದರ್ಶನಕ್ಕೆ ಮುನ್ನ ನಿರ್ದೇಶಕನೊಡನೆ ಸಮಾಲೋಚಿಸಿ, ಯಾವ ಗಾಯಕಿಗೆ ಯಾವ ಸ್ಥಳದಲ್ಲಿ ಎಷ್ಟು ಚಪ್ಪಾಳೆ ಸಲ್ಲಬೇಕೆಂಬುದನ್ನು ನಿಶ್ಚಯಿಸುತ್ತಿದ್ದ ಒಬ್ಬ ಮನುಷ್ಯನಿದ್ದನು. ಒಗ್ಯುಸ್ತ್ ಲೆವಾಸ್ಯೂರ್ ಎಂಬುದು ಅವನ ಹೆಸರು. ಕೂಲಿಗೆ ಚಪ್ಪಾಳೆ ತಟ್ಟುವ 'ಕ್ಲಾಕ್' ಎಂಬ ತಂಡಕ್ಕೆ ಅವನು ನಾಯಕ. ಮಂದಿರದವರು ಕೊಡುತ್ತಿದ್ದ ಉಚಿತ ಟಿಕೆಟ್ಟುಗಳಲ್ಲಿ ಕೆಲವನ್ನು ತನ್ನ ಆಳುಗಳಿಗೆ ಹಂಚಿ, ಉಳಿದುವನ್ನು ಮಾರಿಕೊಂಡು, ಗಾಯಕ ಗಾಯಕಿಯರಿಂದಲೂ ನರ್ತಕಿಯರಿಂದಲೂ ಕಾಣಿಕೆಯನ್ನು ಪಡೆದು ಅವನು ಸುಖವಾಗಿ ಜೀವಿಸಿದನು. ವೆರೋನನು ಇದನ್ನು ಮರೆಮಾಚಲಿಲ್ಲ. ತನ್ನ ಆತ್ಮಕಥೆಯಲ್ಲಿ ಲೆವಾಸ್ಯೂರನ ವಿಷಯವನ್ನು ವಿಸ್ತಾರವಾಗಿಯೇ ಬರೆದಿರುವನು.

ಈ ವೃತ್ತಿಯಲ್ಲಿ ಶ್ರಮವಿಭಾಗವೂ ಏರ್ಪಟ್ಟಿದ್ದಿತು. ಕೃತಿಯನ್ನು ಕಂಠಪಾಠ ಮಾಡಿಕೊಂಡು ಪಕ್ಕದಲ್ಲಿ ಕುಳಿತವರಿಗೆ ಅದರ ಸೊಗಸನ್ನು ತೋರಿಸಿಕೊಡುವವರು ಕೆಲವರು. ಹಾಸ್ಯದ ಸನ್ನಿವೇಶ ಬಂದೊಡನೆ ಗಟ್ಟಿಯಾಗಿ ನಗುವವರು ಕೆಲವರು. ಶೋಕದ ಸನ್ನಿವೇಶದಲ್ಲಿ ಕರವಸ್ತ್ರವನ್ನು ಕಣ್ಣಿಗೊತ್ತಿಕೊಳ್ಳುವವರು, ಇವರಲ್ಲಿ ಬಹುಮಟ್ಟಿಗೆ ಹೆಂಗಸರು, ಕೆಲವರು. ಹಾಡು ಮುಗಿಯುತ್ತಲೆ 'ಮತ್ತೊಮ್ಮೆ' ಎಂದು ಕೂಗುವವರು ಕೆಲವರು. ನಾಟಕಗಳಿಗೆ ಜಯವನ್ನು ಒದಗಿಸಿಕೊಡುವ ಕಚೇರಿಯೊಂದನ್ನು 1820ರ ವೇಳೆಗಾಗಲೇ ಅದೇ ನಗರದಲ್ಲಿ ಇಬ್ಬರು ತೆರೆದಿದ್ದರು.

ಪ್ಯಾರಿಸಿನವರೇ ಇದನ್ನು ಹೊಸದಾಗಿ ಕಲ್ಪಿಸಿದರೆಂದಲ್ಲ. ರೋಮಿನ ಚಕ್ರವರ್ತಿ ನೀರೋ ನೇಪಲ್ಸಿನಲ್ಲಿ ಹಾಡಿದಾಗ, ಅಲೆಕ್ಸಾಂಡ್ರಿಯಾದಿಂದ ಬಂದಿದ್ದವರ ಲಯಬದ್ಧವಾದ ಶ್ಲಾಘನೆಗೆ ಮನಸೋತು, ಐದು ಸಾವಿರಕ್ಕೂ ಮಿಕ್ಕಿದ ತರುಣರನ್ನು ಆರಿಸಿ, ಜೇನಿನ ಝೇಂಕಾರದಂತೆ, ಹೆಂಚಿನ ಸದ್ದಿನಂತೆ, ಇಟ್ಟಿಗೆಯ ಸದ್ದಿನಂತೆ ಮೂರು ಬಗೆಯ ಮೆಚ್ಚುಗೆಯನ್ನು ಅವರಿಗೆ ಕಲಿಸಿದನೆಂದು ಚರಿತ್ರಕಾರ ಸುಯೆಟೋನಿಯಸನು ಬರೆದಿಟ್ಟಿರುವನು. ಆ ಪಡೆಯ ನಾಯಕರಿಗೆ ನಾಲ್ಕು ಲಕ್ಷ ಸೆಸ್ಟರ್ಸ್ ನಾಣ್ಯಗಳು ಸಲ್ಲುತ್ತಿದ್ದುವಂತೆ. ಪ್ಯಾರಿಸಿನ ಚಪ್ಪಾಳೆಯವರನ್ನು ರೋಮನರ ಹೆಸರಿನಿಂದ ಕರೆದು ಸಂಗೀತರಚನಕಾರ ಬೆರ್ಲಿಯೋಜ್ ತನ್ನ ಗ್ರಂಥವೊಂದರಲ್ಲಿ ಅವರ ಚರಿತ್ರೆಯನ್ನು ಹೇಳಿದುದಕ್ಕೆ ಇದೇ ಮೂಲವು.

ಈ ಪದ್ಧತಿಯನ್ನು ನಾನು ಸಮರ್ಥಿಸಲಾರೆ. ಆದರೂ ಹುಸಿ ಮೆಚ್ಚುಗೆಯ ಇಂದಿನ ಸ್ಥಿತಿಯೊಡನೆ ತೂಗಿ ನೋಡುವಾಗ ಅದರ ಒಂದು ಲಕ್ಷಣವನ್ನು ಗಮನಿಸಲೇಬೇಕಾಗುತ್ತದೆ: ಲೆವಾಸ್ಯೂರನ ಆಳು ಸಭಾಂಗಣಕ್ಕೆ ಬರಬೇಕಾಗಿದ್ದಿತು, ಹಾಡನ್ನು ಕೇಳಬೇಕಾಗಿದ್ದಿತು, ಕೇಳಿ ತಿಳಿಯಬೇಕಾಗಿದ್ದಿತು, ಅವನ ಚಪ್ಪಾಳೆ ಅಪಾತ್ರಕ್ಕೆ ಸಂದಿತೆಂದು ಕಂಡರೆ ಉಳಿದ ಸಭಿಕರು ಸಿಳ್ಳುಹಾಕಿ ಅದನ್ನು ಅಡಗಿಸಬಹುದಾಗಿದ್ದಿತು. 1897ರಲ್ಲಿ ವಿಯೆನ್ನಾದ ಆಸ್ಥಾನ ಒಪೆರಾದ ಅಧಿಕಾರವನ್ನು ವಹಿಸಿಕೊಂಡ ಗುಸ್ತಾಫ್ ಮಾಲರ್, ಕೂಲಿಯ ಚಪ್ಪಾಳೆಯನ್ನು ಆಶ್ರಯಿಸುವುದಿಲ್ಲವೆಂದು ಗಾಯಕರಿಂದ ಮಾತು ಪಡೆದು ಅದನ್ನು ನಿರ್ಮೂಲಗೊಳಿಸಲು ಹೊರಟನಾದರೂ, ಅದು ಹೋಗಲಿಲ್ಲ. 1920ರ ದಶಕದಲ್ಲಿ ಅದೇ ಒಪೆರಾದ ಚಪ್ಪಾಳೆಯ ತಂಡದಲ್ಲಿ ವಿದ್ಯಾರ್ಥಿಯಾಗಿ ಸೇರಿದ್ದ ಲೇಖಕ ಜೋಸೆಫ್ ವೆಕ್ಸ್‌ಬರ್ಗನ ಬರಹವನ್ನು ಓದಿದವರಿಗೆ, ಆ ತರುಣರಿಗೆ ಸಂಗೀತದಲ್ಲಿದ್ದ ನಿಜವಾದ ಪ್ರೀತಿಯೂ ಕಾಣದೆ ಹೋಗದು.

ಧ್ವನಿಮುದ್ರಿಕೆಯೂ ರೇಡಿಯೋವೂ ಬಂದಮೇಲೆ ಶ್ರೋತೃವು ಸಭೆಯನ್ನು ಬಿಟ್ಟು ಮನೆಯನ್ನು ಸೇರಿದನು. ಮೋಸವೂ ಸಭೆಯನ್ನು ಬಿಟ್ಟು, ಮುದ್ರಿಕೆಯನ್ನು ಆರಿಸಿ ಪ್ರಸಾರಮಾಡುವವನ ಕೊಠಡಿಯನ್ನು ಸೇರಿತು. ಹಾಡನ್ನು ಮತ್ತೆ ಮತ್ತೆ ಹಾಕುವುದಕ್ಕಾಗಿ ಮುದ್ರಿಕೆಯ ಕಂಪೆನಿಗಳಿಂದ ಹಣ ಪಡೆದವರ ವಿಚಾರಣೆ ಅಮೆರಿಕೆಯ ಕಾಂಗ್ರೆಸ್ಸಿನ ಸಮಿತಿಯ ಮುಂದೆ 1960ರಲ್ಲಿ ನಡೆದು, ಗುಟ್ಟಾಗಿ ಹಣ ಪಡೆದು ಹಾಡು ಹಾಕುವುದು ಅದೇ ವರ್ಷ ಶಾಸನದ ಮೂಲಕ ಅಪರಾಧವಾಯಿತು. ರಾಕ್ ಅಂಡ್ ರೋಲ್ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದ ಆಲನ್ ಫ್ರೀಡ್ 1962ರಲ್ಲಿ ತಪ್ಪೊಪ್ಪಿಕೊಂಡು ತೆತ್ತ ದಂಡವು ಮುನ್ನೂರು ಡಾಲರು ಮಾತ್ರ. ಕಳೆದುಕೊಂಡದ್ದು ತನ್ನ ವೃತ್ತಿಜೀವನವನ್ನು. ಇಂಗ್ಲೆಂಡಿನಲ್ಲಿ ಯಾವ ಯಾವ ಅಂಗಡಿಗಳ ಮಾರಾಟದಿಂದ ಜನಪ್ರಿಯತೆಯ ಪಟ್ಟಿ ಸಿದ್ಧವಾಗುತ್ತಿದ್ದಿತೋ ಆ ಅಂಗಡಿಗಳಿಗೇ ಆಳುಗಳನ್ನು ಕಳುಹಿಸಿ, ತಮ್ಮ ಮುದ್ರಿಕೆಗಳನ್ನು ತಾವೇ ಕೊಳ್ಳಿಸಿದ ಕಂಪೆನಿಗಳೂ ಇದ್ದುವು.

ಇಂದಿನ ಸ್ಟ್ರೀಮಿಂಗ್ ಸೇವೆಗಳಲ್ಲಿ ನಡೆಯುತ್ತಿರುವ ವಂಚನೆಯು ಈ ಪರಂಪರೆಗೇ ಸೇರಿದುದಾದರೂ ಅದರ ಸ್ವರೂಪವೇ ಬೇರೆ. ಸ್ಪಾಟಿಫೈಯಂತಹ ಸೇವೆಯಲ್ಲಿ ಒಂದು ಹಾಡು ಮೂವತ್ತು ಸೆಕೆಂಡುಗಳ ಕಾಲ ನುಡಿದರೆ ಅದು ಒಂದು ಆಲಿಕೆಯೆಂದು ಗಣನೆಗೆ ಬರುತ್ತದೆ. ಆಯಾ ದೇಶದ ಚಂದಾಹಣವೂ ಜಾಹೀರಾತಿನ ಹಣವೂ ಒಂದೆಡೆ ಕೂಡಿ, ಅದರಲ್ಲಿ ಹಕ್ಕುದಾರರಿಗೆ ಸಲ್ಲತಕ್ಕ ಭಾಗವು ಒಟ್ಟು ಆಲಿಕೆಗಳಲ್ಲಿ ಒಬ್ಬೊಬ್ಬರ ಪಾಲಿಗೆ ಅನುಸಾರವಾಗಿ ಹಂಚಲ್ಪಡುತ್ತದೆ. ಕೆರೆಯ ನೀರನ್ನು ನೀರುಗಂಟಿಯು ಗದ್ದೆಗಳ ವಿಸ್ತಾರವನ್ನು ನೋಡಿ ಬಿಡುವಾಗ, ಇಲ್ಲದ ಗದ್ದೆಯನ್ನು ಲೆಕ್ಕಕ್ಕೆ ಸೇರಿಸಿದವನು ಕದಿಯುವುದು ನೆರೆಯವನ ಪೈರಿನ ನೀರನ್ನು. ಹಾಗೆಯೇ ಇಲ್ಲಿಯೂ ಹುಸಿ ಆಲಿಕೆಯಿಂದ ಕಂಪೆನಿಗಾಗುವ ನಷ್ಟಕ್ಕಿಂತ, ಅದೇ ತಿಂಗಳು ಅದೇ ಹಣದಲ್ಲಿ ಪಾಲು ಪಡೆಯಬೇಕಾದ ಇತರ ಸಂಗೀತಗಾರರಿಗಾಗುವ ನಷ್ಟವೇ ಹೆಚ್ಚಿನದು. 2019ರ ಫೆಬ್ರುವರಿಯಲ್ಲಿ ಆ ಸೇವೆ ಭಾರತಕ್ಕೆ ಬಂದಂದಿನಿಂದ ನಮ್ಮ ಕನ್ನಡದ ಗಾಯಕರೂ ಈ ಪಾಲುದಾರಿಕೆಗೆ ಸೇರಿರುವರು.

2014ರಲ್ಲಿ ವಲ್ಫ್‌ಪೆಕ್ ಎಂಬ ಅಮೆರಿಕದ ವಾದ್ಯವೃಂದವು ಮೂವತ್ತು ಸೆಕೆಂಡುಗಳನ್ನು ತುಸುವೇ ಮೀರಿದ ಹತ್ತು ಮೌನದ 'ಹಾಡು'ಗಳನ್ನು ಪ್ರಕಟಿಸಿ, ರಾತ್ರಿ ಮಲಗಿದಾಗ ಅವನ್ನು ನುಡಿಸುತ್ತಿರಿ ಎಂದು ಅಭಿಮಾನಿಗಳನ್ನು ಕೇಳಿಕೊಂಡು, ಸ್ಪಾಟಿಫೈಯವರು ಅವನ್ನು ತೆಗೆದುಹಾಕುವ ವೇಳೆಗೆ ಸುಮಾರು ಇಪ್ಪತ್ತು ಸಾವಿರ ಡಾಲರುಗಳನ್ನು ಗಳಿಸಿದ್ದಿತು. ಆ ಹಣದಿಂದ ಟಿಕೆಟ್ಟಿಲ್ಲದ ಸಂಗೀತಯಾತ್ರೆಯನ್ನು ನಡೆಸುವುದು ವೃಂದದ ಉದ್ದೇಶವಾಗಿದ್ದಿತು; ಎಲ್ಲವೂ ಬಹಿರಂಗವಾಗಿ ನಡೆಯಿತು. ಆದರೆ ಯಾರೂ ಕೇಳದಿರುವ ಹಾಡಿಗೂ ಹಣವು ಹರಿಯುವುದೆಂಬ ಸತ್ಯವು ಅಂದು ಸರ್ವರಿಗೂ ಗೋಚರವಾಯಿತು.

2024ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸರಕಾರಿ ವಕೀಲರು ಉತ್ತರ ಕೆರೊಲಿನಾದ ಒಬ್ಬ ಸಂಗೀತಗಾರನ ಮೇಲೆ ಹೊರಿಸಿದ ಆರೋಪದಲ್ಲಿ ಈ ಸತ್ಯದ ಕರಾಳ ಮುಖವಿದೆ. ಆರೋಪಪತ್ರದ ಪ್ರಕಾರ 2017ರಲ್ಲಿ ಅವನ ಹಿಡಿತದಲ್ಲಿದ್ದ 1,040 ಹುಸಿ ಖಾತೆಗಳು ಒಂದೊಂದೂ ದಿನಕ್ಕೆ ಸುಮಾರು 636 ಹಾಡುಗಳನ್ನು ನುಡಿಸಿ, ದಿನವೊಂದಕ್ಕೆ 6,61,440 ಆಲಿಕೆಗಳನ್ನು ಹುಟ್ಟಿಸುತ್ತಿದ್ದುವು. ಆಲಿಕೆಯೊಂದಕ್ಕೆ ಅರ್ಧ ಸೆಂಟಿನಂತೆ ವರ್ಷಕ್ಕೆ ಹನ್ನೆರಡು ಲಕ್ಷ ಡಾಲರಿಗೆ ಮಿಕ್ಕಿ ಬರುವುದೆಂಬುದು ಅವನ ಗಣಿತ. ಒಂದೇ ಹಾಡಿಗೆ ಇಷ್ಟು ಆಲಿಕೆ ಬಂದರೆ ಸಂಶಯವುಂಟಾಗುವುದೆಂದು, ಯಂತ್ರಬುದ್ಧಿಯಿಂದ ಲಕ್ಷಾಂತರ ಹಾಡುಗಳನ್ನು ತಯಾರಿಸಿ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪವಾಗಿ ಆಲಿಕೆಗಳನ್ನು ಹಂಚಲಾಯಿತಂತೆ. ಹೀಗೆ ರಚಿಸುವುದಕ್ಕೂ ಯಂತ್ರ, ಕೇಳುವುದಕ್ಕೂ ಯಂತ್ರ. ಇವೆರಡರ ನಡುವೆ ಹಣವು ಮಾತ್ರ ಮನುಷ್ಯರದು. ಲೆವಾಸ್ಯೂರನ ನಾಡಿನಲ್ಲಿಯೇ, ಫ್ರಾನ್ಸಿನ ರಾಷ್ಟ್ರೀಯ ಸಂಗೀತ ಕೇಂದ್ರವು 2023ರಲ್ಲಿ ಪ್ರಕಟಿಸಿದ ವರದಿಯು, 2021ರ ಒಟ್ಟು ಆಲಿಕೆಗಳಲ್ಲಿ ನೂರಕ್ಕೆ ಒಂದರಿಂದ ಮೂರರಷ್ಟಾದರೂ ಹುಸಿಯೆಂದು ಕಂಡುಕೊಂಡಿತು.

2024ರಿಂದ ಈಚೆಗೆ ಸ್ಪಾಟಿಫೈಯು ಹುಸಿ ಆಲಿಕೆ ವಿಪರೀತವಾಗಿ ಕಂಡುಬಂದ ಹಾಡುಗಳಿಗಾಗಿ, ಅವನ್ನು ಸೇವೆಗೆ ಒದಗಿಸಿದ ವಿತರಕರಿಗೆ ದಂಡ ವಿಧಿಸುತ್ತಿದೆ. ಹನ್ನೆರಡು ತಿಂಗಳಲ್ಲಿ ಸಾವಿರ ಆಲಿಕೆ ಮುಟ್ಟದ ಹಾಡಿಗೆ ಹಣವನ್ನೇ ಕೊಡುವುದಿಲ್ಲ. ಮೊದಲನೆಯದು ನ್ಯಾಯವೇ. ಆದರೆ ಪ್ರಚಾರ ಮಾಡಿಕೊಡುವೆವೆಂದು ನಂಬಿಸಿದವರ ಪ್ಲೇಲಿಸ್ಟಿಗೆ ಹಾಡನ್ನು ಸೇರಿಸಿ, ಆ ಪ್ಲೇಲಿಸ್ಟಿನ ಕೇಳುಗರು ಬಾಟುಗಳೆಂಬ ಹುಸಿ ಯಂತ್ರಖಾತೆಗಳೆಂದು ಅರಿಯದೆ ಹೋದ ಬಡ ಗಾಯಕನ ಹಾಡೂ ಅದೇ ಬಲೆಯಲ್ಲಿ ಸಿಲುಕಿ ಅದೃಶ್ಯವಾಗುವುದುಂಟು. ಅವನ ಪಾಲಿಗೆ ಬರುವುದು ವಿತರಕನ ಒಂದು ಇ-ಮೇಲ್. ಡೆನ್ಮಾರ್ಕಿನ ಆರ್ಹಸ್ ನಗರದ ನ್ಯಾಯಾಲಯವು 2024ರಲ್ಲಿ ಇಂತಹ ವಂಚನೆಗಾಗಿ ಒಬ್ಬನಿಗೆ ಹದಿನೆಂಟು ತಿಂಗಳ ಶಿಕ್ಷೆಯನ್ನು ವಿಧಿಸುವುದಕ್ಕೆ ಮುನ್ನ, ಸಾಕ್ಷ್ಯವನ್ನು ಮುಂದಿಟ್ಟು ಅವನ ವಾದವನ್ನೂ ಕೇಳಿತು. ಅಪರಾಧಿಗೆ ದೊರೆತ ಅಷ್ಟು ವಿಚಾರಣೆ ನಿರಪರಾಧಿಗೂ ದೊರೆಯಬೇಡವೆ? ಯಾವ ದಿನ, ಯಾವ ದೇಶದಿಂದ, ಯಾವ ಪ್ಲೇಲಿಸ್ಟಿನ ಮೂಲಕ ಆ ಹುಸಿ ಆಲಿಕೆಗಳು ಬಂದುವೆಂಬ ವಿವರವನ್ನು ಹಾಡಿನ ಒಡೆಯನಿಗೆ ತಿಳಿಸಿ, ಉತ್ತರ ಹೇಳಲು ಅವಕಾಶವನ್ನಿತ್ತು, ಆಮೇಲೆ ಹಾಡನ್ನು ತೆಗೆಯತಕ್ಕದ್ದು.