ದೂರದರ್ಶಕ ಗುರಿಸಾಧನಗಳ ಕೈತಯಾರಿ ಹೊಂದಾಣಿಕೆ ಉಪಕರಣಗಳು

ದೂರದರ್ಶಕ ಗುರಿಸಾಧನಗಳ ಕೈತಯಾರಿ ಹೊಂದಾಣಿಕೆ ಉಪಕರಣಗಳು ಎಂದರೆ, ಹಳೆಯ ಬಂದೂಕಿನ ದೂರದರ್ಶಕ, ಭೂಮಾಪನದ ಥಿಯೊಡೊಲೈಟ್ ಮುಂತಾದವುಗಳ ದೃಷ್ಟಿರೇಖೆಯನ್ನು ಸರಿಪಡಿಸಲು ತಯಾರಕರ ಮೂಲ ಉಪಕರಣ ದೊರೆಯದಿದ್ದಾಗ ಸ್ಥಳದಲ್ಲಿಯೇ ರೂಪಿಸಿಕೊಳ್ಳುವ ಸಾಧನಗಳು. ಭಾರತದಲ್ಲಿ ಇದಕ್ಕೆ ಅತ್ಯಂತ ಪ್ರಸಿದ್ಧ ನಿದರ್ಶನವು ಬಂದೂಕಿಗೆ ಸಂಬಂಧಿಸಿದ್ದಲ್ಲ. ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಅವರು 1808ರಲ್ಲಿ ತಮ್ಮ ಮಹಾ ಥಿಯೊಡೊಲೈಟನ್ನು ದುರಸ್ತಿಗೊಳಿಸಿದ ಪ್ರಸಂಗವೇ ಅದು.

ತತ್ತ್ವ

ಗುರಿಯಿಡುವ ದೂರದರ್ಶಕದ ಒಳಗೆ ಅಡ್ಡ ಮತ್ತು ಉದ್ದ ಎಳೆಗಳ ಅಥವಾ ಕಂಬದಂತಹ ಒಂದು ಗುರುತು ಇರುತ್ತದೆ. ಈ ಗುರುತು ಸೂಚಿಸುವ ದಿಕ್ಕಿಗೂ ಉಪಕರಣದ ಉಳಿದ ಭಾಗಕ್ಕೂ ನಿಗದಿತ ಸಂಬಂಧವಿರಬೇಕು. ಬಂದೂಕಿನಲ್ಲಿ ಅದು ಗುಂಡು ಸಾಗುವ ಪಥದೊಡನೆ ಇರುವ ಸಂಬಂಧ. ಥಿಯೊಡೊಲೈಟ್‌ನಲ್ಲಿ ಅಂಶಗಳನ್ನು ಕೊರೆದ ಲೋಹವೃತ್ತದೊಡನೆ ಇರುವ ಸಂಬಂಧ. ಗುರುತನ್ನು ಅತಿ ಸೂಕ್ಷ್ಮವಾಗಿ ಸರಿಸಲು ತಿರುಪುಗಳನ್ನೂ, ಸರಿಸಿದ ಸ್ಥಾನದಲ್ಲಿ ನಿಲ್ಲಿಸಲು ಬಿಗಿಬಳೆಗಳನ್ನೂ ಅಳವಡಿಸಿರುತ್ತಾರೆ. ಇವುಗಳಿಗೆ ಹೊಂದುವ ಚಾವಿ ಕಳೆದುಹೋದರೆ ಒಳ್ಳೆಯ ಉಪಕರಣವೂ ನಿರುಪಯುಕ್ತವಾಗುತ್ತದೆ.

ಲ್ಯಾಂಬ್ಟನ್ ಅವರ ಮಹಾ ಥಿಯೊಡೊಲೈಟ್

1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಭಾಗವಹಿಸಿದ್ದ ಲ್ಯಾಂಬ್ಟನ್ ಅವರು 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದರು. ಲಂಡನ್ನಿನ ವಿಲಿಯಂ ಕ್ಯಾರಿ ತಯಾರಿಸಿದ ಥಿಯೊಡೊಲೈಟ್ ಅವರ ಕೈಸೇರಿದ್ದು ಅನಂತರ. ಸುಮಾರು ಅರ್ಧ ಟನ್ ತೂಕದ ಈ ಉಪಕರಣದ ಸಮತಲ ವೃತ್ತದ ವ್ಯಾಸ 36 ಅಂಗುಲ. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಸೆರೆಹಿಡಿದು ಮಾರಿಷಸ್‌ಗೆ ಒಯ್ದಿದ್ದರು. ವೈಜ್ಞಾನಿಕ ಉಪಕರಣವೆಂದು ತಿಳಿದ ಬಳಿಕ ಮದರಾಸಿಗೆ ಕಳುಹಿಸಿಕೊಟ್ಟರು.

ಇದರ ನೆರವಿನಿಂದ ಮದರಾಸಿನಿಂದ ಮೈಸೂರು ಸೀಮೆಯ ಮೂಲಕ ಮಂಗಳೂರಿನವರೆಗೆ ತ್ರಿಕೋನಗಳ ಸರಪಣಿಯನ್ನು ಹೆಣೆಯಲಾಯಿತು. ಆ ಅಕ್ಷಾಂಶದಲ್ಲಿ ಸುಮಾರು 400 ಮೈಲಿ ಅಗಲವೆಂದು ನಂಬಲಾಗಿದ್ದ ಪರ್ಯಾಯ ದ್ವೀಪವು ವಾಸ್ತವದಲ್ಲಿ ಸುಮಾರು 360 ಮೈಲಿ ಮಾತ್ರವೆಂದು ತಿಳಿದುಬಂದಿತು. ಉತ್ತರ-ದಕ್ಷಿಣವಾಗಿ ಅಳೆದ ಮಹಾ ಚಾಪದ ನೆಲೆಗಳಲ್ಲಿ ಬೆಂಗಳೂರಿನ ಬಳಿಯ ದೊಡ್ಡಗುಂಟವೂ, ವರದಿಗಳಲ್ಲಿ ‘ಪಾಘೂರ್’ ಎಂದು ಕಾಣುವ ಪಾವಗಡವೂ ಸೇರಿವೆ.

1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಗೋಪುರದ ಮೇಲಕ್ಕೆ ಉಪಕರಣವನ್ನು ಎಳೆಯುತ್ತಿದ್ದಾಗ ಹಗ್ಗ ತುಂಡಾಗಿ ಅದು ಗೋಡೆಗೆ ಬಡಿಯಿತು. ಸಮತಲ ವೃತ್ತ ಸೊಟ್ಟಗಾಯಿತು, ಅದರ ಅರಕಾಲುಗಳು ಬಾಗಿದವು. ದುರಸ್ತಿಗಾಗಿ ಇಂಗ್ಲೆಂಡಿಗೆ ಕಳುಹಿಸಿದರೆ ವರ್ಷಗಳೇ ಹಿಡಿಯುತ್ತಿದ್ದವು. ಲ್ಯಾಂಬ್ಟನ್ ಅವರು ಕೆಲವೇ ಕುಶಲಕರ್ಮಿಗಳೊಡನೆ ಕುಳಿತು ಉಪಕರಣವನ್ನು ಬಿಚ್ಚಿದರು. ದೊಡ್ಡದೊಂದು ಚಪ್ಪಟೆ ಹಲಗೆಯ ಮೇಲೆ ಮೂಲ ಅಳತೆಯ ವೃತ್ತವನ್ನು ಕೊರೆದು, ಸೊಟ್ಟಗಾದ ಬಳೆಯನ್ನು ಬೆಣೆ, ತಿರುಪು ಮತ್ತು ರಾಟೆಗಳಿಂದ ಸ್ವಲ್ಪಸ್ವಲ್ಪವಾಗಿ ಎಳೆದು ಆ ವೃತ್ತಕ್ಕೆ ಹೊಂದಿಸಿದರು. ಬಾಗಿದ ಅರಕಾಲುಗಳನ್ನು ಸಣ್ಣ ಮರದ ಕೊಡತಿಗಳಿಂದ ಮೆಲ್ಲಗೆ ಬಡಿದು ನೇರಗೊಳಿಸಿದರು. ಇದಕ್ಕೆ ಆರು ವಾರ ಹಿಡಿಯಿತು. ಈ ವಿವರಗಳನ್ನು ದಾಖಲಿಸಿದವರು ಅವರ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್.

ಈ ಕೆಲಸದ ಕಠಿಣತೆಯನ್ನು ಲೆಕ್ಕದಿಂದಲೇ ಅರಿಯಬಹುದು. 18 ಅಂಗುಲ ತ್ರಿಜ್ಯದ ವೃತ್ತದಲ್ಲಿ ಒಂದು ವಿಕಲೆಯ ಕೋನವು ಅಂಚಿನಲ್ಲಿ ಸುಮಾರು 0.0022 ಮಿಲಿಮೀಟರ್ ಮಾತ್ರ. ಅದೇ ವಿಕಲೆಯ ತಪ್ಪು 30 ಮೈಲಿ ದೂರದ ಬೆಟ್ಟದಲ್ಲಿ ಸುಮಾರು 23 ಸೆಂಟಿಮೀಟರ್ ಆಗುತ್ತದೆ. ಕೊಡತಿಯಿಂದ ಇಂತಹ ನಿಖರತೆಯನ್ನು ಸಂಪೂರ್ಣವಾಗಿ ಮರಳಿಸುವುದು ಅಸಾಧ್ಯ. ಆದರೆ ವೃತ್ತದ ಎದುರುಬದುರು ಬಿಂದುಗಳನ್ನು ಓದಿ ಸರಾಸರಿ ತೆಗೆದರೆ ಕೇಂದ್ರ ಸರಿದುದರಿಂದಾಗುವ ದೋಷ ಕಳೆದುಹೋಗುತ್ತದೆ. ವೃತ್ತವನ್ನು ಬೇರೆಬೇರೆ ಸ್ಥಾನಗಳಿಗೆ ತಿರುಗಿಸಿ ಅದೇ ಕೋನವನ್ನು ಅಳೆದರೆ ಗೆರೆಗಳ ಅಂತರದ ದೋಷವೂ ತಗ್ಗುತ್ತದೆ. ಎವರೆಸ್ಟ್ ಅವರಿಗೆ ದುರಸ್ತಿಯಾದ ಉಪಕರಣ ತೃಪ್ತಿ ತರಲಿಲ್ಲ. 1830ರಲ್ಲಿ ಅವರೊಡನೆ ಬಂದ ಉಪಕರಣ ತಯಾರಕ ಹೆನ್ರಿ ಬ್ಯಾರೋ ಅದನ್ನು ಮರುನಿರ್ಮಿಸಿದರು. ಬ್ಯಾರೋ ಅವರ ನಂತರ ಆ ಹೊಣೆ ಹೊತ್ತವರು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಭಾರತೀಯ ಕುಶಲಕರ್ಮಿಯೊಬ್ಬರ ಹೆಸರು ಸರ್ವೇಕ್ಷಣೆಯ ದಾಖಲೆಗಳಲ್ಲಿ ಹೀಗೆ ಸ್ಪಷ್ಟವಾಗಿ ಉಳಿದಿರುವುದು ಅಪರೂಪ.

ಎಳೆ ಕೂರಿಸುವ ಕವೆ

ಹತ್ತೊಂಬತ್ತನೆಯ ಶತಮಾನದ ಅನೇಕ ದೂರದರ್ಶಕಗಳಲ್ಲಿ ಗುರುತಿಗೆ ಬಳಸುತ್ತಿದ್ದದ್ದು ಜೇಡನ ಎಳೆ. ಅದು ಕಡಿದಾಗ ಬಾಗಿಸಿದ ತಂತಿ ಅಥವಾ ಕವಲು ಕಡ್ಡಿಯ ಮೇಲೆ ಹೊಸ ಎಳೆಯನ್ನು ಸುತ್ತಿಕೊಂಡು, ಬಳೆಯಲ್ಲಿ ಕೊರೆದ ಗೀರುಗಳ ಮೇಲೆ ಇಳಿಸಿ, ಅರಗಿನ ದ್ರಾವಣದ ಹನಿಯಿಂದ ಅಂಟಿಸುತ್ತಿದ್ದರು.

ಬಂದೂಕಿನ ದೂರದರ್ಶಕಗಳು

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯು ಲೀ-ಎನ್‌ಫೀಲ್ಡ್ ನಂ. 4 (ಟಿ) ಬಂದೂಕಿನ ಮೇಲೆ ನಂ. 32 ದೂರದರ್ಶಕವನ್ನು ಬಳಸಿತು. ಮೂಲತಃ ಬ್ರೆನ್ ಗನ್ನಿಗಾಗಿ ರೂಪಿಸಿದ್ದ ಇದರ ವರ್ಧನೆ ಮೂರು ಪಟ್ಟು. ಮೊದಲ ಎರಡು ಮಾದರಿಗಳಲ್ಲಿ ಗುರಿಯ ಶೂನ್ಯಸ್ಥಾನವನ್ನು ಹೊಂದಿಸಲು ವಿಶೇಷ ಚಾವಿ ಬೇಕಾಗುತ್ತಿತ್ತು. ಮೂರನೆಯ ಮಾದರಿಯಲ್ಲಿ ಈ ಕೆಲಸವನ್ನು ಸರಳಗೊಳಿಸಲಾಯಿತು.

ಹಳೆಯ ದೂರದರ್ಶಕಗಳ ಬಿಗಿಬಳೆಗಳಲ್ಲಿ ಸಾಮಾನ್ಯವಾಗಿ ಎದುರುಬದುರಾಗಿ ಎರಡು ಸೀಳುಗಳೋ ರಂಧ್ರಗಳೋ ಇರುತ್ತವೆ. ಅವುಗಳ ಅಂತರವನ್ನು ಅಳೆದು ಹಿತ್ತಾಳೆ ಕೊಳವೆಯ ಅಥವಾ ದಪ್ಪ ವಾಷರಿನ ಅಂಚನ್ನು ಅರದಿಂದ ಉಜ್ಜಿ, ಎರಡು ಹಲ್ಲುಗಳನ್ನು ಉಳಿಸಿಕೊಂಡರೆ ಚಾವಿ ಸಿದ್ಧ. ಹಲ್ಲು ಸೀಳನ್ನು ಪೂರ್ತಿ ತುಂಬುವಂತಿರಬೇಕು. ಸಡಿಲವಾದರೆ ಜಾರಿ ಬಳೆಯ ಅಂಚನ್ನು ಕೀಳುತ್ತದೆ. ಉಕ್ಕಿಗಿಂತ ಮೆದುವಾದ ಹಿತ್ತಾಳೆ ಲೇಸು, ಏಕೆಂದರೆ ಬಲ ಹೆಚ್ಚಾದಾಗ ಸವೆಯುವುದು ಚಾವಿಯೇ. ಹೊಲಿಗೆ ಕತ್ತರಿಯ ತುದಿ, ಚಪ್ಪಟೆ ಸ್ಕ್ರೂಡ್ರೈವರ್ ಮುಂತಾದವುಗಳಿಂದ ಒಂದೇ ಬದಿಗೆ ಒತ್ತಿ ತಿರುಗಿಸಿದ ಗಾಯಗಳು ಇಂದಿಗೂ ಅನೇಕ ಹಳೆಯ ದೂರದರ್ಶಕಗಳ ಮೇಲೆ ಕಾಣುತ್ತವೆ. ಒಣಗಿ ಗಟ್ಟಿಯಾದ ಗ್ರೀಸ್ ಬಳೆಯನ್ನು ಹಿಡಿದಿಟ್ಟುಕೊಂಡಿರುವುದೂ ಉಂಟು. ಆಗ ಬಲಕ್ಕಿಂತ ಮೊದಲು ಹದವಾದ ಶಾಖವನ್ನು ಕೊಡುವುದು ವಾಡಿಕೆ. ನಂ. 32ರ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪ್ರತಿ ದೂರದರ್ಶಕವನ್ನೂ ಒಂದು ನಿರ್ದಿಷ್ಟ ಬಂದೂಕಿಗೆ ಹೊಂದಿಸಿ, ಅದರ ಸಂಖ್ಯೆಯನ್ನು ಆ ಬಂದೂಕಿನ ಮರದ ಹಿಡಿಯ ಮೇಲೆ ಒತ್ತುತ್ತಿದ್ದರು. ಆದ್ದರಿಂದ ಕೆಟ್ಟುಹೋದ ದೂರದರ್ಶಕದ ಬದಲಿಗೆ ಮತ್ತೊಂದನ್ನು ಜೋಡಿಸಿದರೆ ಆ ಜೋಡಿಯ ಐತಿಹಾಸಿಕ ಮೌಲ್ಯ ಹೋಗುತ್ತದೆ.