ಮಲಪ್ರಭಾ ಸೀಮೆಯ ಕರಪದ್ಧತಿಯೂ ಸರಕಾರಿ ವೆಚ್ಚವೂ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ, ಅಂದರೆ ಪಶ್ಚಿಮಕ್ಕೆ ಮಲೆನಾಡಿನ ಸೆರಗನ್ನೂ ಪೂರ್ವಕ್ಕೆ ಎರೆಭೂಮಿಯ ಬಯಲನ್ನೂ ಉಳ್ಳ ಮಲಪ್ರಭೆಯ ಕೊಳ್ಳದಲ್ಲಿ, ರಟ್ಟರ ಕಾಲದಿಂದ ಇತ್ತೀಚಿನವರೆಗೆ ನೆಲದ ಮೇಲೂ ನೀರಿನ ಮೇಲೂ ಎತ್ತಲಾದ ಕರಗಳ, ಹಾಗೂ ಆ ಹಣ ಎಲ್ಲಿ ಯಾವ ರೀತಿಯಲ್ಲಿ ವಿನಿಯೋಗವಾಯಿತೆಂಬುದರ ವೃತ್ತಾಂತವಿದು. ಇಲ್ಲಿಯ ಕರವಿವಾದಗಳೆಲ್ಲ ದರದ ಹೆಚ್ಚು ಕಡಿಮೆಯಿಂದಲೇ ಹುಟ್ಟಿದವೆಂದು ಹೊರಗಿನವರು ತಿಳಿಯುವುದುಂಟು; ಆದರೆ ಸಂಗತಿಗಳನ್ನು ಕಾಲಾನುಕ್ರಮದಲ್ಲಿ ನೋಡುತ್ತ ಬಂದರೆ, ಕರ ಎತ್ತಿದ ಊರಿಗೂ ಅದು ವೆಚ್ಚವಾದ ಊರಿಗೂ ನಡುವಣ ಅಂತರ, ಮತ್ತು ಪ್ರಯೋಜನವು ಕೈಗೆ ಬರುವುದಕ್ಕೆ ಮೊದಲೇ ಬಾಗಿಲಿಗೆ ಬಂದು ನಿಂತ ಬೇಡಿಕೆ, ಇವೆರಡೇ ಹೆಚ್ಚು ಬಾರಿ ಕಲಹಕ್ಕೆ ಮೂಲವಾದುದು ಕಂಡುಬರುತ್ತದೆ.

ಸುಗಂಧವರ್ತಿಯೆಂಬ ಹೆಸರಿನ ಇಂದಿನ ಸವದತ್ತಿಯು ರಟ್ಟರ ರಾಜಧಾನಿಯಾಗಿದ್ದಾಗ ಈ ಅಂತರ ಬಹು ಕಿರಿದಾಗಿದ್ದಿತು. ಕ್ರಿ.ಶ. 980ರ ಸವದತ್ತಿ ಶಾಸನದಲ್ಲಿ ರಟ್ಟ ಶಾಂತಿವರ್ಮನು ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಯಿದೆ. ಭೂಮಿಯನ್ನು ಬಿಡುವುದೆಂದರೆ ಅದರ ಸಿದ್ಧಾಯವನ್ನು, ಎಂದರೆ ಗೊತ್ತಾದ ಭೂಕಂದಾಯವನ್ನು, ಬಿಡುವುದೆಂದೇ ಅರ್ಥ. ಆ ಕಾಲದ ಕನ್ನಡ ಶಾಸನಗಳನ್ನು ಓದುವವರಿಗೆ, ಎತ್ತಿನ ಮೇಲೆ ಬಂದ ಹೇರಿಗಿಷ್ಟು, ಗಾಣಕ್ಕಿಷ್ಟು ಎಣ್ಣೆ, ಎಲೆಯ ಹೊರೆಗಿಷ್ಟು ಎಂದು ಸುಂಕದ ಆಯವನ್ನು ಎಣಿಸಿ, ಅದೇ ಊರಿನ ದೇಗುಲದ ನಂದಾದೀವಿಗೆಗೋ ಕೆರೆಯ ಜೀರ್ಣೋದ್ಧಾರಕ್ಕೋ ಗೊತ್ತುಮಾಡಿದ ಪಂಕ್ತಿಗಳು ಚಿರಪರಿಚಿತ. ಕೊಟ್ಟವನ ಕಣ್ಣೆದುರಿಗೇ ಕೊಟ್ಟದ್ದು ದೀಪವಾಗಿ ಉರಿಯುತ್ತಿತ್ತು. ಇದನ್ನು ಆದರ್ಶ ರಾಜ್ಯವೆಂದು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಶಾಸನವನ್ನು ಬರೆಯಿಸಿದವರು ದಾನಿಗಳೇ ಹೊರತು ಸುಂಕ ತೆತ್ತವರಲ್ಲವೆಂಬುದನ್ನೂ ಮರೆಯಲಾಗದು.

ಕಿತ್ತೂರ ದೇಸಗತಿಯ ಕಾಲಕ್ಕೆ ಬರುವಾಗ ಚಿತ್ರ ಬದಲಾಗಿರುತ್ತದೆ. ದೇಸಾಯಿಯು ರೈತನಿಂದ ಕರ ಎತ್ತುವವನೂ ಹೌದು, ಮೇಲಿನವರಿಗೆ ಕಪ್ಪ ತೆರುವವನೂ ಹೌದು. 1809ರಲ್ಲಿ ದೇಸಾಯಿ ಮಲ್ಲಸರ್ಜನು ಪೇಶ್ವೆಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಡಲೊಪ್ಪಿದನು. 1824ರ ಸೆಪ್ಟೆಂಬರಿನಲ್ಲಿ ಆಗಿನ ದೇಸಾಯಿ ಶಿವಲಿಂಗರುದ್ರಸರ್ಜನು ಔರಸ ಪುತ್ರನಿಲ್ಲದೆ ತೀರಿಕೊಂಡಾಗ, ಪೇಶ್ವೆಯ ಸ್ಥಾನಕ್ಕೆ ಬಂದಿದ್ದ ಈಸ್ಟ್ ಇಂಡಿಯಾ ಕುಂಪಣಿಯ ಕಡೆಯಿಂದ ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ದತ್ತಕವನ್ನು ಒಪ್ಪದೆ, ಮೊಟ್ಟಮೊದಲು ಕೈಯಿಕ್ಕಿದುದು ಸಿಂಹಾಸನಕ್ಕಲ್ಲ, ಬೊಕ್ಕಸಕ್ಕೆ. ಅದಕ್ಕೆ ತನ್ನ ಮುದ್ರೆಯೊತ್ತಿ ಕಾವಲಿಟ್ಟನು. ಅಕ್ಟೋಬರ್ 23ರ ಕದನದಲ್ಲಿ ಅವನು ಹತನಾದುದೂ, ಡಿಸೆಂಬರಿನಲ್ಲಿ ಕೋಟೆ ಬಿದ್ದುದೂ, ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಾಲವಾದುದೂ ಎಲ್ಲರಿಗೂ ತಿಳಿದ ಕಥೆ. ಗ್ಯಾಜೆಟಿಯರಿನ ಲೆಕ್ಕದಂತೆ ಕೋಟೆಯಲ್ಲಿ ಸಿಕ್ಕ ನಗದು ಸುಮಾರು 16 ಲಕ್ಷ ರೂಪಾಯಿ, ಒಡವೆ ಸುಮಾರು 4 ಲಕ್ಷದ್ದು. ನಗದೊಂದೇ ಪೇಶ್ವೆಗೆ ಕೊಡುತ್ತಿದ್ದ ಒಂಬತ್ತು ವರ್ಷಗಳ ಕಪ್ಪಕ್ಕೆ ಸಮ. ಬರಗಾಲಕ್ಕೂ ದಂಡಿಗೂ ಕೂಡಿಟ್ಟ ಆ ಸಂಚಯ ಸೀಮೆಯಿಂದಾಚೆ ಹೋಯಿತು.

ಇದರ ಪರಿಣಾಮ ಹಳ್ಳಿಯ ಮಟ್ಟದಲ್ಲಿ ಹೇಗೆ ಮುಟ್ಟಿತೆಂಬುದಕ್ಕೆ ಸಂಗೊಳ್ಳಿ ರಾಯಣ್ಣನ ದಂಗೆಯೇ ಸಾಕ್ಷಿ. ಅವನು ಶೇತಸನದಿ, ಎಂದರೆ ಸಂಬಳಕ್ಕೆ ಬದಲಾಗಿ ಇನಾಮು ಭೂಮಿಯನ್ನು ಉಂಡು ದೇಸಗತಿಯ ಚಾಕರಿ ಮಾಡುವ ಓಲೆಕಾರ. ಚಾಕರಿ ಹೋದ ಮೇಲೆ ಇನಾಮೇಕೆ ಎಂಬುದು ಕುಂಪಣಿಯ ತರ್ಕ. ಪೂರ್ವಜರ ರಕ್ತಕ್ಕೆ ಬಂದ ಭೂಮಿಗೆ ಕರ ಏಕೆ ಎಂಬುದು ಸನದಿಗಳ ತರ್ಕ. 1829-30ರಲ್ಲಿ ಅವನ ಕಡೆಯವರು ಬೀಡಿ, ಸಂಪಗಾವಿ ಮೊದಲಾದೆಡೆಯ ಕಚೇರಿಗಳಿಗೆ ಬೆಂಕಿಯಿಟ್ಟು ಲೆಕ್ಕದ ಕಾಗದಗಳನ್ನು ಸುಟ್ಟುಹಾಕಿದರು. ಬಾಕಿಯನ್ನು ಬರೆದಿಟ್ಟ ಕಾಗದವನ್ನೇ ಶತ್ರುವೆಂದು ಗುರುತಿಸಿದ ಈ ಬುದ್ಧಿ ಸಾಮಾನ್ಯವಾದುದಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಕಾಗದಗಳು ಮಾತ್ರ ಮತ್ತೆ ಬರೆಯಲ್ಪಟ್ಟವು.

ಮತ್ತೆ ಬರೆದುದು, ಈ ಸೀಮೆ ಸೇರಿದ್ದ ಮುಂಬಯಿ ಪ್ರಾಂತದ ಸರ್ವೇ ಪದ್ಧತಿ. ಇದರ ಬೀಜ ಇಂಗ್ಲೆಂಡಿನದು. ಕೃಷಿಯ ಖರ್ಚು ಕಳೆದುಳಿದ ಗೇಣಿಯು ಭೂಮಿಯ ಗುಣದಿಂದ ಬಂದದ್ದು, ದುಡಿಮೆಯಿಂದ ಬಂದದ್ದಲ್ಲ, ಆದುದರಿಂದ ಸರಕಾರ ಅದರಿಂದ ಪಾಲು ತೆಗೆದುಕೊಂಡರೆ ಯಾರಿಗೂ ಅನ್ಯಾಯವಿಲ್ಲ ಎಂಬ ವಾದವನ್ನು 1817ರಲ್ಲಿ ಅರ್ಥಶಾಸ್ತ್ರಜ್ಞ ರಿಕಾರ್ಡೊ ಪ್ರಕಟಿಸಿದ ಗೇಣಿಸಿದ್ಧಾಂತದಿಂದ ಎಳೆದು, ಲಂಡನ್ನಿನ ಕುಂಪಣಿ ಕಚೇರಿಯಲ್ಲಿ ಕುಳಿತ ಜೇಮ್ಸ್ ಮಿಲ್ಲನಂಥವರು ಹಿಂದುಸ್ಥಾನಕ್ಕೆ ಅನ್ವಯಿಸಹೊರಟರು. ಪುಣೆಯ ಕಡೆ ಪ್ರಿಂಗಲ್ ಎಂಬ ಅಧಿಕಾರಿ ಮಾಡಿದ ಮೊದಲ ಪ್ರಯೋಗ ನೆಲಕಚ್ಚಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಸಿದ್ಧಾಂತವನ್ನು ಬದಿಗಿಟ್ಟು ಹೊಲಕ್ಕಿಳಿದು, ಮಣ್ಣಿನ ಬಣ್ಣ, ಆಳ, ಸವುಳುಗಳನ್ನು ನೋಡಿ, ಹದಿನಾರಾಣೆಯ ಅಳತೆಯಲ್ಲಿ ಜಮೀನಿಗೆ ತರ ಹಚ್ಚಿ, ಸರ್ವೇ ನಂಬರು ಕೊಟ್ಟು, ಬಾಂದುಗಲ್ಲು ನೆಡಿಸಿ, ಆಕಾರವನ್ನು, ಎಂದರೆ ಭೂಕಂದಾಯವನ್ನು, 30 ವರ್ಷಕ್ಕೆ ಸ್ಥಿರಪಡಿಸಿದರು. 1847ರ ಅವರ ಸಂಯುಕ್ತ ವರದಿಯೇ ಈ ಪದ್ಧತಿಯ ಸ್ಮೃತಿಗ್ರಂಥ. ಸವದತ್ತಿ ಆಗ ಪರಸಗಡ ತಾಲ್ಲೂಕಿನ ಕಸಬೆ. ಬೈಲಹೊಂಗಲ, ಕಿತ್ತೂರುಗಳು ಸಂಪಗಾವಿ ತಾಲ್ಲೂಕಿಗೆ ಸೇರಿದ್ದವು. ರೈತನು ಸ್ವಂತ ಖರ್ಚಿನಿಂದ ಬಾವಿ ತೋಡಿ ಹೊಲವನ್ನು ಸುಧಾರಿಸಿದರೆ ಮರುಸರ್ವೇಯಲ್ಲಿ ಅದರ ಮೇಲೆ ಕರ ಏರಿಸಕೂಡದೆಂಬ ತತ್ತ್ವವನ್ನು 1865ರ ಮುಂಬಯಿ ಕಾಯಿದೆ ಅಂಗೀಕರಿಸಿತು. ಈ ಒಂದು ತತ್ತ್ವವನ್ನು ಓದುಗರು ನೆನಪಿನಲ್ಲಿಡಬೇಕು. ನೂರು ವರ್ಷಗಳ ಅನಂತರ ಇದರ ಮರುಮುಖ ಎದುರಾಗಲಿದೆ.

ಇನಾಮು ಕಮಿಶನ್ನಿನ ವಿಚಾರವೂ ಇಲ್ಲಿಗೇ ಸೇರಿದ್ದು. 1852ರ ಕಾಯಿದೆಯಂತೆ ಸನದು ತೋರಿಸಲಾರದ ಇನಾಮುಗಳಿಗೆ ಆಕಾರ ಕೂಡಿಸಲಾಯಿತು. ಆ ಕಮಿಶನ್ನಿನಲ್ಲಿ ಹಿಂದೆ ಕೆಲಸ ಮಾಡಿದ್ದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನು 1858ರ ಮೇ ತಿಂಗಳಲ್ಲಿ ಈಗಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ನರಗುಂದದ ಅರಸ ಬಾಬಾಸಾಹೇಬನ ಕಡೆಯವರ ಕೈಯಿಂದ ಹತನಾದುದಕ್ಕೆ ದತ್ತಕದ ನಿರಾಕರಣೆ, ಆಯುಧ ಕಸಿಯುವಿಕೆಗಳೇ ನೇರ ಕಾರಣವಾದರೂ, ಇನಾಮುದಾರರ ಮನಸ್ಸಿನಲ್ಲಿ ಆ ಹೆಸರು ಏನನ್ನು ಎಬ್ಬಿಸುತ್ತಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ವೆಚ್ಚದ ಕಡೆಯಲ್ಲಿ ಮುಂಬಯಿ ಸರಕಾರ ಮಾಡಿದ ಒಂದು ಸುಧಾರಣೆಯನ್ನು ಇಲ್ಲಿ ಹೇಳಲೇಬೇಕು. 1860ರ ದಶಕದಲ್ಲಿ ಆರಂಭವಾಗಿ 1869ರ ಕಾಯಿದೆಯಿಂದ ಭದ್ರಗೊಂಡ ಲೋಕಲ್ ಫಂಡಿನ ಪ್ರಕಾರ, ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯನ್ನು ಹೆಚ್ಚಾಗಿ ಎತ್ತಿ, ಅದರ ಮೂರನೆಯ ಎರಡು ಪಾಲನ್ನು ರಸ್ತೆ, ಬಾವಿ, ಧರ್ಮಶಾಲೆಗಳಿಗೂ, ಉಳಿದ ಪಾಲನ್ನು ಶಾಲೆಗಳಿಗೂ ಅದೇ ಪ್ರದೇಶದಲ್ಲಿ ವೆಚ್ಚಮಾಡಬೇಕಾಗಿತ್ತು. ಒಂದಾಣೆ ಅಲ್ಪವೇ ಸರಿ. ಉಳಿದ ಹದಿನಾರಾಣೆ ಎಲ್ಲಿಗೆ ಹೋಗುತ್ತದೆಂದು ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಆದರೂ ಈ ಒಂದಾಣೆಯಿಂದ ಕಟ್ಟಿದ ಕನ್ನಡ ಶಾಲೆಯನ್ನೂ, ಹತ್ತಿಯ ಗಾಡಿಗಳು ಸಾಗುವ ದಾರಿಯನ್ನೂ ರೈತ ಕಣ್ಣಾರೆ ಕಾಣಬಹುದಾಗಿತ್ತು. ರಟ್ಟರ ಕಾಲದ ನಂದಾದೀವಿಗೆಗೆ ಸಮೀಪ ಬಂದದ್ದು ಇದೊಂದೇ ಎನ್ನಬಹುದು.

ರಾಮದುರ್ಗದ ಸ್ಥಿತಿ ಬೇರೆ. ಭಾವೆ ಮನೆತನದ ಆ ಸಂಸ್ಥಾನ 169 ಚದರ ಮೈಲಿಯಷ್ಟು ಚಿಕ್ಕದು. ಅಷ್ಟು ಚಿಕ್ಕ ರಾಜ್ಯದಲ್ಲಿ ಕರ ಎತ್ತುವ ಕೈಯೂ ವೆಚ್ಚಮಾಡುವ ಕೈಯೂ ಒಂದೇ ಅಂಗಳದಲ್ಲಿದ್ದುದರಿಂದ ಸಾಮರಸ್ಯ ಹೆಚ್ಚಾಗಿರಬೇಕಾಗಿತ್ತು. ಆದುದು ವಿಪರೀತ. ಅರಮನೆಯ ಖರ್ಚಿಗೂ ಪ್ರಜೆಯ ಖರ್ಚಿಗೂ ನಡುವೆ ಗೆರೆಯೆಳೆಯುವ ಮುಂಗಡಪತ್ರವನ್ನು ಸಣ್ಣ ಸಂಸ್ಥಾನಗಳಲ್ಲಿ ಪ್ರಜೆ ನೋಡುವಂತಿರಲಿಲ್ಲ. ಮಳೆ ತಪ್ಪಿದ ವರ್ಷದ ಬೆನ್ನಿಗೆ, ಕಂದಾಯವನ್ನು ಇಳಿಸಬೇಕೆಂಬುದನ್ನು ಮುಖ್ಯ ಬೇಡಿಕೆಗಳಲ್ಲೊಂದಾಗಿ ಮಾಡಿಕೊಂಡು ಹೊರಟ ಪ್ರಜಾ ಸಂಘದ ಚಳವಳಿ, ನಾಯಕರ ಬಂಧನದಿಂದ ಕೆರಳಿ, 1939ರ ಎಪ್ರಿಲ್ 7ರಂದು ಸೆರೆಮನೆಯ ಮುತ್ತಿಗೆಯಲ್ಲೂ ಪೊಲೀಸರ ಕೊಲೆಯಲ್ಲೂ ಮುಗಿಯಿತು. ಗಾಂಧೀಜಿ ಈ ಹಿಂಸೆಯನ್ನು ಖಂಡಿಸಿದರು. ಮುಂದೆ ಕೆಲವರು ಗಲ್ಲಿಗೇರಿದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಈ ಸೀಮೆಯ ಕರಚರಿತ್ರೆಯ ಅತಿ ದೊಡ್ಡ ಪ್ರಕರಣ ಅಭಿವೃದ್ಧಿ ಕರದ್ದು. ಜನರ ಬಾಯಲ್ಲಿ ಅದು ಇಂದಿಗೂ ‘ಬೆಟರ್‌ಮೆಂಟ್ ಲೆವಿ’ಯೇ, ಮಾತೇ ಅದರ ಜನ್ಮಸ್ಥಾನವನ್ನು ಸಾರುತ್ತದೆ. ಸರಕಾರದ ಕಾಮಗಾರಿಯಿಂದ ನೆಲದ ಬೆಲೆ ತಾನಾಗಿ ಏರಿದಾಗ ಆ ಏರಿಕೆಯಲ್ಲಿ ಸಮಾಜಕ್ಕೆ ಪಾಲಿರಬೇಕೆಂಬ ವಿಚಾರ ಇಂಗ್ಲೆಂಡಿನಲ್ಲಿ ಮೇಲಿಂದ ಮೇಲೆ ಕಾಯಿದೆಯಾಗಿ, ಮೇಲಿಂದ ಮೇಲೆ ರದ್ದಾಗಿದೆ. ಅರ್ಥಸಚಿವ ಲಾಯ್ಡ್ ಜಾರ್ಜನು 1909ರ ಮುಂಗಡಪತ್ರದಲ್ಲಿ ಭೂಮಿಯ ಬೆಲೆಯೇರಿಕೆಯ ಮೇಲೆ ಶೇಕಡಾ 20ರ ಸುಂಕವನ್ನು ಸೂಚಿಸಿದಾಗ ಶ್ರೀಮಂತರ ಸಭೆ ಅದನ್ನು ತಿರಸ್ಕರಿಸಿ ಒಂದು ರಾಜ್ಯಾಂಗ ಸಂಕಟವನ್ನೇ ತಂದೊಡ್ಡಿತು. ಗೆದ್ದು ಬಂದ ಆ ಸುಂಕ, ದೇಶದ ಪ್ರತಿ ಅಂಗುಲಕ್ಕೂ ಬೆಲೆ ಕಟ್ಟುವ ಶ್ರಮದಲ್ಲೇ ಬಳಲಿ, 1920ರಲ್ಲಿ ರದ್ದಾಯಿತು. 1947ರಲ್ಲಿ ಏರಿಕೆಯನ್ನೆಲ್ಲ ಎಳೆದುಕೊಳ್ಳುವ ಶುಲ್ಕ ಬಂದು 1953ರಲ್ಲಿ ಹೋಯಿತು; 1967ರಲ್ಲಿ ಶೇಕಡಾ 40ರ ಲೆವಿ ಬಂದು 1971ರ ಹೊತ್ತಿಗೆ ಅದೂ ಹೋಯಿತು. ಸಿದ್ಧಾಂತದಲ್ಲಿ ನಿರ್ದುಷ್ಟವಾದ ಈ ಕರ ವಸೂಲಿಯಲ್ಲಿ ಎಡವುತ್ತಲೇ ಬಂದುದಕ್ಕೆ ಕಾರಣ ಸ್ಪಷ್ಟ. ಏರಿಕೆಯಾಗಿರುವುದು ಕಾಗದದ ಮೇಲೆ. ಕೊಡಬೇಕಾದ ಹಣ ಕೈಯಿಂದ.

ಇತ್ತ ರಾಜ್ಯ ಪುನರ್ವಿಂಗಡಣೆಯಿಂದ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1957ರ ಮೈಸೂರು ನೀರಾವರಿ ಕಾಯಿದೆ ಇದೇ ತತ್ತ್ವವನ್ನು ಕಾಲುವೆಯ ಭೂಮಿಗೆ ತಂದಿತು. ರೈತ ತೋಡಿದ ಬಾವಿಗೆ ಕರವಿಲ್ಲವೆಂದಾದರೆ ಸರಕಾರ ತೋಡಿದ ಕಾಲುವೆಗೆ ಕರವುಂಟು. ಹಳೆಯ ಸರ್ವೇ ತತ್ತ್ವದ ಮರುಮುಖವೆಂದು ಮೇಲೆ ಹೇಳಿದ್ದು ಇದನ್ನೇ. ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಸಮೀಪ, ಮಲಪ್ರಭೆಯು ಗುಡ್ಡವನ್ನು ಸೀಳಿಕೊಂಡು ಹೊರಬೀಳುವ ನವಿಲುತೀರ್ಥದಲ್ಲಿ 1970ರ ದಶಕದ ಆರಂಭಕ್ಕೆ ಅಣೆಕಟ್ಟು ಎದ್ದಿತು; ರೇಣುಕಾಸಾಗರವೆಂಬ ಆ ಜಲಾಶಯದ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಅಡಿ. ಜೋಳ, ಹತ್ತಿ, ಕುಸುಬೆಗಳ ಒಣಬೇಸಾಯವನ್ನು ಬಲ್ಲ ಎರೆಹೊಲಕ್ಕೆ ನೀರು ಬಂದಾಗ ಕೆಲವೆಡೆ ಜವುಳು ಹಿಡಿಯಿತು; ಕಾಲುವೆಯ ತುದಿಯ ಊರುಗಳಿಗೆ ನೀರೇ ಮುಟ್ಟಲಿಲ್ಲ; ಆದರೆ ಅಭಿವೃದ್ಧಿ ಕರದ ಮತ್ತು ನೀರಿನ ಕರದ ನೋಟೀಸುಗಳು ಎಲ್ಲರಿಗೂ ಮುಟ್ಟಿದವು. ಹತ್ತಿಯ ಧಾರಣೆ ಕುಸಿದ ಸಮಯವೂ ಅದೇ ಆಗಿದ್ದಿತು.

1980ರಲ್ಲಿ ನೆರೆಯ ನವಲಗುಂದ, ನರಗುಂದಗಳ ಹಾಗೂ ಸವದತ್ತಿ, ರಾಮದುರ್ಗಗಳ ರೈತರು ಮಲಪ್ರಭಾ ನೀರಾವರಿ ಪ್ರದೇಶ ರೈತ ಸಮನ್ವಯ ಸಮಿತಿಯ ಹೆಸರಿನಲ್ಲಿ ಒಟ್ಟುಗೂಡಿ ಕರನಿರಾಕರಣೆಗೆ ನಿಂತರು. ಜುಲೈ 21ರಂದು ನವಲಗುಂದದಲ್ಲೂ ನರಗುಂದದಲ್ಲೂ ಗೋಲಿಬಾರು ನಡೆದು ಬಸಪ್ಪ ಲಕ್ಕುಂಡಿ ಮತ್ತು ವೀರಪ್ಪ ಕಡ್ಲಿಕೊಪ್ಪ ಎಂಬ ರೈತರು ಹತರಾದರು. ನರಗುಂದದಲ್ಲಿ ಪೊಲೀಸರೂ ಪ್ರಾಣ ತೆತ್ತರು. ಕಚೇರಿಗಳ ಕಾಗದಪತ್ರಗಳು, ನೂರೈವತ್ತು ವರ್ಷಗಳ ಹಿಂದೆ ಸಂಪಗಾವಿಯಲ್ಲಿ ಉರಿದಂತೆಯೇ, ಉರಿದವು. ಮುಖ್ಯಮಂತ್ರಿ ಗುಂಡೂರಾವ್ ಅವರ ಸರಕಾರ ಲೆವಿಯನ್ನು ಕೈಬಿಟ್ಟಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ನೀರು ಹೊಲಕ್ಕೆ ಬಂದು ಎರಡು ಫಸಲು ಮಾರಿದ ಮೇಲೆ, ನೀರು ಬಂದವನಿಂದ ಮಾತ್ರ, ಕಂತುಗಳಲ್ಲಿ ಕೇಳಿದ್ದರೆ ಈ ಕರ ಉಳಿಯುತ್ತಿತ್ತೆಂದೇ ಈ ಲೇಖಕನ ಅಭಿಪ್ರಾಯ.

ಅನಂತರದ ದಶಕಗಳಲ್ಲಿ ಪ್ರಶ್ನೆ ಕರದಿಂದ ವೆಚ್ಚದ ಕಡೆಗೆ ಹೊರಳಿತು. ಭೂಕಂದಾಯ ಸರಕಾರದ ವರಮಾನದಲ್ಲಿ ಲೆಕ್ಕಕ್ಕೆ ಬಾರದಷ್ಟು ಕುಗ್ಗಿತು. 2017ರಲ್ಲಿ ಬಂದ ಜಿ.ಎಸ್.ಟಿ.ಯು ಬೈಲಹೊಂಗಲದ ಪೇಟೆಯ ಅಂಗಡಿಕಾರನ ಕರವನ್ನು ಇಡೀ ದೇಶದ ಒಂದೇ ಪದ್ಧತಿಯೊಳಗೆ ತಂದಿತು. ಇನ್ನು ವೆಚ್ಚದ ವಿಚಾರದಲ್ಲಿ, ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನೇ ಮಾನವಾಗಿ ಹಿಡಿದು, ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ಗುರುತಿಸಿ, ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ವೆಚ್ಚವನ್ನು, ಅದರಲ್ಲಿ ಶೇಕಡಾ 60ರಷ್ಟನ್ನು ಉತ್ತರ ಕರ್ನಾಟಕಕ್ಕೆ, ಶಿಫಾರಸು ಮಾಡಿತು. ಮುಂಬಯಿ ಕರ್ನಾಟಕಕ್ಕೆ 2021ರಲ್ಲಿ ಕಿತ್ತೂರು ಕರ್ನಾಟಕವೆಂಬ ಹೆಸರು ಬಂದಿತು. ಅದಕ್ಕೆ ಬೊಕ್ಕಸದಿಂದ ಏನೂ ಖರ್ಚಾಗಲಿಲ್ಲ.

ರೇಣುಕಾಸಾಗರ ತುಂಬುವ ವರ್ಷಗಳು ವಿರಳವಾದುದರಿಂದ, ಮಹದಾಯಿ ನದಿಯ ಹಳ್ಳಗಳಾದ ಕಳಸಾ ಬಂಡೂರಿಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ಈಗಿನ ಬೇಡಿಕೆ. 2018ರ ಆಗಸ್ಟಿನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿಯು ಈ ಎರಡು ತಿರುವುಗಳಿಗೆ 3.9 ಟಿ.ಎಂ.ಸಿ. ಅಡಿ ನೀರನ್ನು ಕೊಟ್ಟಿದೆ. ಲೆವಿಯನ್ನು ನಿರಾಕರಿಸಿದವರ ಮಕ್ಕಳೂ ಮೊಮ್ಮಕ್ಕಳೂ ನರಗುಂದದ ಚಪ್ಪರದಲ್ಲಿ ವರ್ಷಗಟ್ಟಲೆ ಧರಣಿ ಕುಳಿತುದು ಸರಕಾರ ಕರ ಬಿಡಲೆಂದಲ್ಲ, ಕಣಕುಂಬಿಯಲ್ಲಿ ಅರೆತೋಡಿದ ಕಳಸಾ ಕಾಲುವೆಗೆ ಹಣ ಸುರಿಯಲೆಂದು.